ಗೌಡ, ಫೌಜದಾರ, ನೀಲವ್ವ ಮತ್ತು ನಮ್ಮ ಮಾವ

ಆ ಬೆಳಿಗ್ಗೆ ನಾನು ನಿಂತದ್ದು ಇಳಕಲ್ಲಿನಲ್ಲಿ, ನಮ್ಮ ಸೋದರಮಾವನ ಮನೆಯ ಹಿತ್ತಲ ಬಾಗಿಲಲ್ಲಿ. ಎಡಗಾಲು ಹೊಸ್ತಿಲ ಒಳಗೆ, ಬಲಗಾಲು ಹೊರಗೆ. ಪ್ಲೇಗು ಇಳಿದ ಮರುವರ್ಷದ ಮಾಘಮಾಸ. ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುವ ಸದ್ದು ಆಗಷ್ಟೇ ನಿಂತಿತ್ತು. ಬಿಸಿಲು ಹಿತ್ತಲಿನ ಕಲ್ಲುದೋಣಿಯ ಅಂಚಿಗೆ ಬಂದಿತ್ತು, ಒಳಗಿನ ನೀರಿಗೆ ಇನ್ನೂ ಇಳಿದಿರಲಿಲ್ಲ. ಬಾಗಲಕೋಟೆಯ ವಕೀಲರೊಬ್ಬರ ಹತ್ತಿರ ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುವುದು ನನ್ನ ಕಸಬು. ಎಲ್ಲಿ ನಿಂತಿದ್ದೆ ಎಂದು ಹೇಳದವನ ಮಾತಿಗೆ ಬೆಲೆಯಿಲ್ಲ ಎಂಬುದು ನನಗೆ ಗೊತ್ತು. ಅದಕ್ಕೇ ಮೊದಲು ಇಷ್ಟು.

ಅಲ್ಲಿ ಕಂಡದ್ದನ್ನು ಹೇಳುವ ಮುಂಚೆ ಮಾವನ ವಿಷಯ ಹೇಳಲೇಬೇಕು. ಮನುಷ್ಯರಿಗಿಂತ ಆಮೆಗಳಿಗೆ ಬುದ್ಧಿ ಹೆಚ್ಚು ಎಂದು ಮನಸಾರೆ ನಂಬಿದವರು ಅವರು. ಸೋದರಳಿಯನಾದ ನನ್ನನ್ನು ಹತ್ತಿರದಿಂದ ನೋಡಿದ ಮೇಲೆ ಆ ನಂಬಿಕೆ ಇನ್ನಷ್ಟು ಗಟ್ಟಿಯಾಯಿತಂತೆ!

ಮಾವನದು ಸೀರೆಯ ವ್ಯಾಪಾರ. ಅಂಗಡಿ ಮುಂದೆ, ಮನೆ ಹಿಂದೆ, ಅದರ ಹಿಂದೆ ಹಿತ್ತಲು. ಹಿತ್ತಲಿನಲ್ಲಿ ಮೆಟ್ಟಿಲಿಳಿಯುವ ಬಾವಿ. ನೀರು ತಿಳಿಯಾಗಿರಲೆಂದು ಬಾವಿಗೆ ಒಂದು ಆಮೆ ಬಿಡುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಮಾವನೂ ಬಿಟ್ಟರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಪ್ರಬಂಧ ಬರೆಯುವ ಕಾರಣವೇ ಇರಲಿಲ್ಲ. ಬಾವಿಯದಕ್ಕೆ ಬೇಸರವಾದೀತೆಂದು ಐಹೊಳೆಯ ಕಡೆಯ ಕುರುಚಲು ಕಾಡಿನಿಂದ ಬೆನ್ನ ಮೇಲೆ ಹಳದಿ ನಕ್ಷತ್ರ ಬರೆದಂತಿದ್ದ ನೆಲದಾಮೆಯೊಂದನ್ನು ತಂದರು. ಆಮೇಲೆ ಮೀನುಗಾರರ ಬಲೆಗೆ ಬಿದ್ದಿದ್ದ ಹೊಳೆಯಾಮೆಯೊಂದನ್ನು ತಂದರು. ಅದರ ಬೆನ್ನು ತೊಗಲಿನ ಹಾಗೆ ಮೆತ್ತಗೆ, ಮೂತಿ ಚೂಪು, ಸ್ವಭಾವ ಇನ್ನೂ ಚೂಪು. ಎತ್ತು ನೀರು ಕುಡಿಯುವ ಕಲ್ಲುದೋಣಿಯನ್ನು ಅದಕ್ಕೆ ಬಿಟ್ಟುಕೊಟ್ಟರು. ಎತ್ತಿಗೆ ಬಕೀಟು ಬಂತು. ಎತ್ತು ಏನೆಂದುಕೊಂಡಿತೋ!

ನೆಲದಾಮೆಗೆ ಗೌಡ ಎಂದೂ ಹೊಳೆಯಾಮೆಗೆ ಫೌಜದಾರ ಎಂದೂ ಬಾವಿಯ ಆಮೆಗೆ ನೀಲವ್ವ ಎಂದೂ ಹೆಸರಿಟ್ಟರು. ಹೆಸರಿಟ್ಟ ಮೇಲೆ ಪರೀಕ್ಷೆ ಶುರುವಾಯಿತು. ಗೌಡನ ಮುಂದೆ ಒಂದು ಹಲಗೆ, ಹಲಗೆಯ ಆಚೆ ಪಾಪಾಸುಕಳ್ಳಿಯ ಕೆಂಪು ಹಣ್ಣು. ಪಕ್ಕಕ್ಕೆ ಒಂದು ಗೇಣು ಸರಿದರೆ ಹಣ್ಣು ಸಿಗುತ್ತದೆ. ಗೌಡ ಸರಿಯಲಿಲ್ಲ. ಬೆಳಗಿನಿಂದ ಊಟದ ಹೊತ್ತಿನವರೆಗೆ ಹಲಗೆಯನ್ನೇ ನೂಕಿ, ಹಲಗೆಯನ್ನು ಹಣ್ಣಿನ ಮೇಲೆ ಹಾಯಿಸಿ, ಜಜ್ಜಿದ ಹಣ್ಣನ್ನು ತಿಂದ.

"ಇದಕ್ಕ ಬುದ್ಧಿ ಇಲ್ಲ ಬಿಡ್ರಿ ಮಾಮಾ" ಎಂದೆ.

"ಬುದ್ಧಿ ಐತೋ. ದಾರಿ ಬದಲ ಮಾಡೂದು ಮರ್ಯಾದಿಗೆ ಕಮ್ಮಿ ಅಂತ ತಿಳಕೊಂಡಾನ. ನೂಕಲಿ, ಅಡ್ಡ ಇದ್ದಷ್ಟೂ ಅವಗ ಹುರುಪು."

ಫೌಜದಾರ ಹಾಗಲ್ಲ. ಮಾವನ ಕೆಮ್ಮಿನ ಗುರುತು ಹಿಡಿದು ನೀರಿನ ಮೇಲೆ ಬರುತ್ತಿದ್ದ, ತಿನ್ನಿಸಿದವರ ಕೈಯನ್ನೇ ಕಡಿಯಲು ನೋಡುತ್ತಿದ್ದ. ನೀಲವ್ವ ಮೆಟ್ಟಿಲ ಮೇಲೆ ಬಿಸಿಲು ಕಾಯುವಾಗ ನಮ್ಮ ನೆರಳು ಬಿದ್ದರೆ ಸಾಕು, ತಲೆ ಕಾಲು ಒಳಗೆಳೆದುಕೊಂಡು ಮೇಲೆ ಕದವನ್ನೂ ಹಾಕಿಕೊಳ್ಳುತ್ತಿದ್ದಳು. ಹೌದು, ಆ ಪೈಕಿ ಆಮೆಗಳಿಗೆ ಹಿಂಗಾಲಿನ ಹತ್ತಿರ ಮುಚ್ಚುವ ಕದಗಳಿರುತ್ತವೆ. ನಾನೇ ಬಗ್ಗಿ ನೋಡಿದ್ದೇನೆ.

ಪರೀಕ್ಷೆ ಆಮೆಗಳಿಗೇ ಮುಗಿಯಲಿಲ್ಲ. ಅಂಗಡಿಗೆ ಬಂದವರೆಲ್ಲ ಮೂರರಲ್ಲಿ ಒಂದು ಪೈಕಿಗೆ ಸೇರಿದರು. ಬಾದಾಮಿಯಿಂದ ಬಂದು ಇಡೀ ದಿನ ಒಂದೇ ಸೀರೆಗೆ ಚೌಕಾಸಿ ಮಾಡಿದಾಕೆ ಗೌಡನ ಪೈಕಿ. ಮಾವ ನೋಡಿಯೇ ಇರದ ನನ್ನ ವಕೀಲರು ಫೌಜದಾರನ ಪೈಕಿ.

"ಮತ್ತ ನಾ, ಮಾಮಾ?"

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀ ಯಾವ ಪೈಕಿನೂ ಅಲ್ಲಲೇ. ನೀ ಬರೇ ಚಿಪ್ಪು!"

ಒಂದು ಮಧ್ಯಾಹ್ನ ಕೆರೂರಿನ ವ್ಯಾಪಾರಿಯೊಬ್ಬರು ಅಂಗಡಿಗೆ ಬಂದರು. ಸೆಕೆಗೆ ರುಮಾಲು ತೆಗೆದು ಪಕ್ಕದಲ್ಲಿದ್ದ ಗುಂಡುಕಲ್ಲಿನ ಮೇಲಿಟ್ಟು ಸೆರಗಿನ ಕೆಂಪು ನೋಡತೊಡಗಿದರು. ಸ್ವಲ್ಪ ಹೊತ್ತಿಗೆ ರುಮಾಲು ಎದ್ದು, ಅವರನ್ನು ದಾಟಿಕೊಂಡು, ನಿಧಾನವಾಗಿ ಬೀದಿಗೆ ಹೊರಟಿತು! ಆ ಪುಣ್ಯಾತ್ಮರು ಚಪ್ಪಲಿ ಬಿಟ್ಟು ಓಡಿದರು. ಅತ್ತೆ ಒಳಗಿನಿಂದಲೇ ಕೂಗಿದರು: "ಗಿರಾಕಿನ್ನೂ ಓಡಿಸಿದ್ರಿ! ಇನ್ನ ಸೀರಿ ನಿಮ್ಮ ಗೌಡಗ ಉಡಸ್ರಿ!"

ಇಂಥ ಮನೆಗೆ ನನ್ನ ತಂಗಿ ಗಂಗವ್ವ ಬಂದಳು.

ಶಿರೂರಿಗೆ ಕೊಟ್ಟಿದ್ದೆವು. ಗಂಡನನ್ನೂ ಕೈಗೂಸನ್ನೂ ಪ್ಲೇಗು ಒಯ್ದಿತ್ತು. ಅಂದಿನಿಂದ ಅವಳು ಒಂದು ಮಾತೂ ಆಡಿರಲಿಲ್ಲ. ಕೊರಳಿಗೆ ಅಂತ್ರದ ತಾಯಿತ ಕಟ್ಟಿಸಿದೆವು, ಹಣೆಗೆ ಬೀರಪ್ಪನ ಭಂಡಾರ ಹಚ್ಚಿದೆವು, ದರ್ಗಾಕ್ಕೂ ಕರೆದೊಯ್ದೆವು. ಮಾತು ಹೋದ ದಾರಿಯಲ್ಲೇ ಅನ್ನವೂ ಹೊರಟಿತ್ತು. ರೊಟ್ಟಿಯ ಚೂರು ಬಾಯಿಗಿಟ್ಟು ನುಂಗದೆ ಕೂತಿರುತ್ತಿದ್ದಳು. "ಇಕಿನೂ ಹೋಗ್ತಾಳೋ" ಎಂದು ನಮ್ಮವ್ವ ನನಗೊಬ್ಬನಿಗೇ ಹೇಳಿದಳು. ಬೇರೆ ದಾರಿ ಕಾಣದೆ ಇಳಕಲ್ಲಿಗೆ ತಂದು ಬಿಟ್ಟೆ, ನಾನೂ ರಜೆ ಪಡೆದು ಉಳಿದೆ.

ಮಾವ ಅವಳನ್ನು ಸಂಜೆಯವರೆಗೂ ನೋಡಿ ತೀರ್ಪು ಕೊಟ್ಟರು: "ಗೌಡನ ಪೈಕಿ. ಅಡ್ಡ ಇಟ್ಟರ ನೂಕ್ತಾಳ." ಮರುದಿನ ಅವಳ ನೀರಿನ ತಂಬಿಗೆಯನ್ನು ಬಚ್ಚಿಟ್ಟರು, ಬಾಯಿಬಿಟ್ಟು ಕೇಳಲಿ ಎಂದು. ಅವಳು ಕೇಳಲಿಲ್ಲ. ನೀರನ್ನೇ ಬಿಟ್ಟಳು. ಸಂಜೆಗೆ ತುಟಿ ಒಣಗಿ ಬಿರಿದದ್ದನ್ನು ಕಂಡು ಅತ್ತೆ ತಂಬಿಗೆ ಹುಡುಕಿ ತಂದು ಮಾವನ ಮುಂದೆ ಕುಕ್ಕಿದರು.

"ಮನಶ್ಯಾರೇನ್ರಿ ನೀವು? ಆಮಿ ಸಾಕಿ ಸಾಕಿ ಎದಿನೂ ಚಿಪ್ಪಾತೇನು?"

ಮಾವ ಬಾವಿಯ ಮೆಟ್ಟಿಲ ಮೇಲೆ ಹೋಗಿ ಬಹಳ ಹೊತ್ತು ಕೂತರು. ಎದ್ದು ಬಂದು ಎಲ್ಲರೆದುರು ಹೇಳಿದರು: "ನಂದ ತಪ್ಪಾತು. ಆಕಿ ಗೌಡ ಅಲ್ಲ, ನೀಲವ್ವ. ನಾವೆಲ್ಲ ಬಗ್ಗಿ ಬಗ್ಗಿ ಮಾರಿ ನೋಡಾಕತ್ತೇವಿ, ಆಕಿ ಕದ ಹಾಕ್ಕೊಂಡಾಳ. ಇನ್ನ ಯಾರೂ ಆಕಿ ಮಾರಿ ನೋಡಬ್ಯಾಡ್ರಿ. ಹೆಸರ ಹಿಡದು ಕರೀಬ್ಯಾಡ್ರಿ. ಮುಂದ ಕುಂತು ಅಳಬ್ಯಾಡ್ರಿ. ಬೆನ್ನ ಕೊಟ್ಟು ಕುಂದರ್ರಿ, ಸಾಕು."

ಅಂದಿನಿಂದ ನಮ್ಮ ಮನೆಯನ್ನು ಯಾರಾದರೂ ನೋಡಬೇಕಿತ್ತು! ಎಲ್ಲರೂ ಹಿಂದುಮುಂದಾಗಿ ನಡೆಯುವವರೇ. ಅತ್ತೆ ರೊಟ್ಟಿಯ ಬುಟ್ಟಿ ಹಿಡಿದು ಹಿಮ್ಮುಖ ಬಂದು ಬುಟ್ಟಿಯ ಸಮೇತ ನನ್ನ ಮೇಲೆ ಕೂತರು. "ಕಣ್ಣಿಲ್ಲೇನೋ ನಿನಗ?" ಎಂದು ನನ್ನನ್ನೇ ಬೈದರು. ಬೆನ್ನಿಗೆ ಕಣ್ಣು ಯಾರಿಗಿದ್ದೀತು?

ಮಾವ ದಿನಾ ಬೆಳಿಗ್ಗೆ ಗಂಗವ್ವನಿಗೆ ಬೆನ್ನು ಮಾಡಿ ದೋಣಿಯ ಪಕ್ಕ ಕೂತು ಫೌಜದಾರನ ಜೊತೆ ಹರಟುತ್ತಿದ್ದರು. ಹತ್ತಿಯ ಧಾರಣೆ, ಬಣ್ಣದ ಹದ, ಆಮೆಗಳ ಗುಣಾವಗುಣ, ಎಲ್ಲವೂ ಫೌಜದಾರನಿಗೆ ವರದಿ. ಹಿಂದೆ ಗೋಡೆಗೊರಗಿದ ಗಂಗವ್ವ ಕೇಳುತ್ತಿದ್ದಳೋ ಇಲ್ಲವೋ, ಯಾರೂ ತಿರುಗಿ ನೋಡುವಂತಿರಲಿಲ್ಲ. ಆದರೆ ಅವಳ ಪಕ್ಕ ಇಟ್ಟ ರೊಟ್ಟಿ ಮೆಲ್ಲಗೆ ಖಾಲಿಯಾಗತೊಡಗಿತು.

ಈಗ, ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದ ಆ ಬೆಳಗು. ಮಾವ ದೋಣಿಯ ಅಂಚಿನ ಮೇಲೆ ಬಲಗೈ ಇಟ್ಟಿದ್ದರು, ಬೆರಳು ನೀರಿನ ಮೇಲೆ ಇಳಿಬಿದ್ದಿದ್ದವು. ಫೌಜದಾರನ ಮೂತಿ ನೀರಿನಿಂದ ಎದ್ದಿತು. ನಾನು ಬಾಯಿ ತೆರೆಯುವುದರೊಳಗೆ ಗೋಡೆಯ ಕಡೆಯಿಂದ ಒಣಗಿದ, ಸಣ್ಣ ದನಿ ಬಂತು.

"ಮಾಮಾ, ಕೈ ತಗೀರಿ."

ಮಾವನ ಮುಖ ನನಗೆ ಕಾಣುತ್ತಿತ್ತು. ಕಣ್ಣು ನೇರ ಆ ಮೂತಿಯ ಮೇಲೇ ಇತ್ತು. ಕೈ ತೆಗೆಯಲು ಸಮಯವಿತ್ತು; ಇದನ್ನು ನಾನು ಯಾವ ಕೋರ್ಟಿನಲ್ಲಾದರೂ ಹೇಳಬಲ್ಲೆ. ತೆಗೆಯಲಿಲ್ಲ. ತಿರುಗಲೂ ಇಲ್ಲ. ನೀರಿಗೇ ಹೇಳಿದರು: "ಫೌಜದಾರಾ, ಯಾರೋ ಏನೋ ಅಂದಂಗಾತು. ಸರಿಯಾಗಿ ಕೇಳಸಲಿಲ್ಲ ನೋಡು."

"ಕೈ ತಗೀರಿ ಅಂದೆ! ಕಡೀತೈತಿ!"

ಕಡಿಯಿತು. ಗಂಗವ್ವ ಗೋಡೆ ಬಿಟ್ಟು ಎದ್ದು ಓಡಿದಳು. "ಜಗ್ಗಬ್ಯಾಡ್ರಿ! ನೀರಾಗ ಹಿಡೀರಿ, ತಾನ ಬಿಡತೈತಿ!" ಎಂದು ಮಾವನ ಕೈಯನ್ನು ಮೊಣಕೈವರೆಗೆ ನೀರಿಗೆ ಅದ್ದಿದಳು. ಮಾವ ಬೆಳಗು ಬೆಳಗು ಬೆನ್ನು ತಿರುಗಿಸಿ ಹೇಳುತ್ತಿದ್ದ ಮಾತೇ ಅದು. ಎಲ್ಲವನ್ನೂ ಕೇಳಿದ್ದಳು! ಫೌಜದಾರ ಬಿಟ್ಟ. ನೀರು ಕೆಂಪಾಯಿತು. "ಹುಚ್ಚ ಹಿಡದೈತೇನ್ರಿ ನಿಮಗ? ಸಣ್ಣ ಹುಡುಗರೇನು? ಬೆರಳ ಹೋಗಿದ್ರ?" ಎನ್ನುತ್ತ ಅವಳು ಸೆರಗು ಹರಿದು ಬೆರಳಿಗೆ ಸುತ್ತಿದಳು. ಸುತ್ತುತ್ತ ಸುತ್ತುತ್ತ ಅಳತೊಡಗಿದಳು, ಗಂಡ ಸತ್ತಂದಿನಿಂದ ಮೊದಲ ಸಲ.

ಮಾವನ ಗಡ್ಡದ ಮೇಲೂ ನೀರಿಳಿಯುತ್ತಿತ್ತು. "ಇನ್ನೊಮ್ಮಿ ಬೈಯವ್ವಾ" ಎಂದರು.

ಆಮೇಲೆ ನಾನು ಕೇಳಿದಾಗಲೆಲ್ಲ ಮಾವ ಹೇಳಿದ್ದು ಒಂದೇ: "ಕಾಣಲಿಲ್ಲೋ, ಬಿಸಿಲು ಕಣ್ಣಿಗೆ ಹೊಡೀತಿತ್ತು." ಬಿಸಿಲು ಅವರ ಬೆನ್ನ ಹಿಂದಿತ್ತು. ನಾನು ಬರೆದುಕೊಂಡ ಸುಳ್ಳು ಹೇಳಿಕೆಗಳಿಗೆ ಲೆಕ್ಕವಿಲ್ಲ. ಕೈ ಮುಗಿಯಬೇಕೆನಿಸಿದ್ದು ಈ ಒಂದಕ್ಕೆ ಮಾತ್ರ. ಆ ಬೆರಳು ಕೊನೆಯವರೆಗೂ ಪೂರ್ತಿ ಮಡಚಲಿಲ್ಲ. ಸೀರೆ ಮಡಚುವಾಗ ಅದೊಂದು ನೆಟ್ಟಗೆ ನಿಂತಿರುತ್ತಿತ್ತು.

ಮಾವ ಈಗ ಇಲ್ಲ, ಅತ್ತೆಯೂ ಇಲ್ಲ. ಅಂದು ಇದನ್ನು ಕಂಡವರಲ್ಲಿ ನನ್ನನ್ನು ಬಿಟ್ಟು ಇನ್ನಿಬ್ಬರು ಬದುಕಿದ್ದಾರೆ. ಒಬ್ಬರು ನೆರೆಮನೆಯ ಹುಸೇನಬಿ. ಮಜ್ಜಿಗೆ ಕೇಳಲು ಹಿತ್ತಲ ಗೋಡೆಯ ಮೇಲೆ ತಂಬಿಗೆ ಇಟ್ಟವರು ಕೇಳುವುದನ್ನೇ ಮರೆತು ನಿಂತಿದ್ದರು. ಇನ್ನೊಬ್ಬಳು ನನ್ನ ತಂಗಿ ಗಂಗವ್ವ. ಮಾವನ ಅಂಗಡಿಯನ್ನು ಈಗ ಅವಳೇ ನಡೆಸುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳ ಜೊತೆ ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತಾಳೆ. ಸಾಕು ಮಾಡು ಎಂದು ನಾನು ಇಂದಿನವರೆಗೆ ಅಂದಿಲ್ಲ.