ಏಯ್, ಗಾಡಿ ತೆಗಿಯೋ!

ನಮ್ಮ ಸೋದರಮಾವನಿಗೆ ನೋವು ಎಂಬುದೇ ಇಲ್ಲ! ಹೀಗೆಂದು ಸ್ವತಃ ಅವರೇ ಹೇಳಿದ್ದಾರೆ. ಆಪರೇಷನ್ ಮಾಡಿಸಿ ಬಲ ಮಂಡಿ ಬದಲಾಯಿಸಿಕೊಂಡು ಅವರು ಗರುಡಾಚಾರ್‌ಪಾಳ್ಯದ ಮನೆಗೆ ಬಂದ ಮೇಲೆ ಮೂರು ವಾರ ಪಕ್ಕದಲ್ಲೇ ಕೂತಿದ್ದವಳು ನಾನು. ಕಂಡದ್ದನ್ನಷ್ಟೇ ಬರೆಯುತ್ತೇನೆ.

"ನೋವು ಹತ್ತಕ್ಕೆ ಎಷ್ಟು ಅಂಕಲ್?" ಎಂದು ಫಿಸಿಯೋಥೆರಪಿ ಹುಡುಗಿ ದಿನಾ ಕೇಳುತ್ತಿದ್ದಳು.

"ಸೊನ್ನೆ!" ಎನ್ನುತ್ತಿದ್ದರು ಮಾವ, ಅಡುಗೆಮನೆಗೆ ಕೇಳಿಸುವಷ್ಟು ಜೋರಾಗಿ. ಆಗ ಅವರು ಮಂಚದ ಕಂಬಿ ಹಿಡಿದಿರುತ್ತಿದ್ದ ರೀತಿ ನೋಡಿದರೆ, ಕಂಬಿಯನ್ನೂ ಅದೇ ಪ್ರಶ್ನೆ ಕೇಳಬೇಕಿತ್ತು.

ಅಡುಗೆಮನೆಯಲ್ಲಿ ಅತ್ತೆ ಇದ್ದರು. ಅವರ ಮಂಡಿಗಳೂ ಸವೆದಿದ್ದವು; ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರರು. ಆಪರೇಷನ್ ಎಂದರೆ ಮಾತ್ರ, "ಮೊದ್ಲು ಇವ್ರು ಎಷ್ಟು ಒದ್ದಾಡ್ತಾರೋ ನೋಡ್ತೀನಿ, ಆಮೇಲೆ ನಂದು" ಎನ್ನುತ್ತಿದ್ದರು.

ಹಾಗಾಗಿ ಮಾವ ಒದ್ದಾಡುವಂತೆಯೇ ಇರಲಿಲ್ಲ! ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ನೋವಿನ ಮಾತ್ರೆ ಕೊಡಬೇಕು, ಇಲ್ಲದಿದ್ದರೆ ಕಾಲು ಬಾಗದು. ಅದನ್ನು ಅತ್ತೆಯ ಎದುರು ನುಂಗುವುದು ಹೇಗೆ?

"ಗ್ಯಾಸ್ ಮಾತ್ರೆ ಕಣೇ" ಎಂದು ಸಾರಿಬಿಟ್ಟರು.

ಗ್ಯಾಸ್ ಇದ್ದವರಿಗೆ ಅವರೆಕಾಳು ಸಾರು ಬಡಿಸುತ್ತಾರೆಯೇ? ಬೀದಿಗೆ ಬೀದಿಯೇ ಅವರೆಕಾಯಿ ಬಿಡಿಸುತ್ತಿದ್ದ ದಿನಗಳಲ್ಲಿ ಮಾವನ ಮುದ್ದೆಗೆ ಬರೀ ತಿಳಿಸಾರು! "ಇದು ಹತ್ತಕ್ಕೆ ಹತ್ತು" ಎಂದು ಅವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಮಾತ್ರೆ ನುಂಗಿದರೂ ಮಂಡಿ ಬಗ್ಗಿಸುವಾಗ ಕೂಗು ಬಂದೇ ಬರುತ್ತದಲ್ಲ? ಅದಕ್ಕೂ ಒಂದು ಉಪಾಯ ಹೂಡಿದರು. ಹುಡುಗಿ ಕಾಲು ಒತ್ತಿದ ಕೂಡಲೇ ಕಿಟಕಿಯತ್ತ ತಿರುಗಿ, "ಏಯ್, ಗಾಡಿ ತೆಗಿಯೋ! ಗೇಟಿಗೆ ಅಡ್ಡ ನಿಲ್ಸಿದ್ದೀಯಲ್ಲೋ!" ಎಂದು ಗರ್ಜಿಸುತ್ತಿದ್ದರು. ಮೊದಲ ದಿನ ಗೇಟಿನ ಮುಂದೆ ನಿಜವಾಗಿಯೂ ಒಂದು ಬೈಕ್ ಇತ್ತು. ಎರಡನೆಯ ವಾರಕ್ಕೆ ಬೀದಿಯೇ ಖಾಲಿ. ಮಹಡಿಯ ಬಾಡಿಗೆ ಕೋಣೆಯಲ್ಲಿದ್ದ ರಾಯಚೂರಿನವರು ಒಂದು ದಿನ ಇಳಿದು ಬಂದು ಕಿಟಕಿಯಲ್ಲಿ ಮುಖ ಇಟ್ಟರು.

"ನನ್ ಗಾಡಿ ಮೂರು ಓಣಿ ಆಚೆ ನಿಲ್ಸೀನ್ರೀ ಯಜಮಾನ್ರ. ಮತ್ಯಾಕ ಬೈಲಿಕತ್ತೀರಿ?"

"ಇನ್ನೂ ಸ್ವಲ್ಪ ಆಚೆ ನಿಲ್ಸಿ!" ಎಂದರು ಮಾವ, ಕಣ್ಣಲ್ಲಿ ನೀರು ತುಂಬಿಕೊಂಡು.

ಮಾವನ ಮಂಡಿ ತೊಂಬತ್ತು ಡಿಗ್ರಿ ಬಾಗಿದ ದಿನ ಅತ್ತೆ ತಮ್ಮ ಆಪರೇಷನ್‌ಗೆ ಒಪ್ಪಿದರು. ಮಾವ ಗೆದ್ದರು. ಪಾಪ, ಅತ್ತೆ ಮೋಸ ಹೋದರಲ್ಲ ಎಂದು ನನಗೆ ಒಳಗೊಳಗೇ ಅಳುಕು. ಎಲ್ಲ ಗೊತ್ತಿದ್ದೂ ಬಾಯಿ ಬಿಡದವಳು ನಾನೇ ತಾನೆ?

ಅತ್ತೆಯ ಸರದಿಗೂ ನಾನೇ ಜೊತೆಗಿದ್ದೆ. ಅವರು ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅದೇ ಹುಡುಗಿ ಬಂದಳು, ಅದೇ ಮಂಚ. ಅವಳು ಕಾಲಿಗೆ ಕೈ ಹಾಕುವ ಮೊದಲು ನಾನು ಹೊರಗೆ ನೋಡಿದೆ; ಒಂದು ಸೈಕಲ್ ಕೂಡ ಇರಲಿಲ್ಲ. ಹುಡುಗಿ ಒತ್ತಿದಳು. ಅತ್ತೆ ಕಂಬಿ ಹಿಡಿದರು, ತುಟಿ ಕಚ್ಚಿದರು, ಮೆಲ್ಲಗೆ ಕಿಟಕಿಯತ್ತ ತಿರುಗಿದರು.

"ಏಯ್, ಗಾಡಿ ತೆಗಿಯೋ!"

ಮಾವ ಅವರ ಮುಖವನ್ನೇ ನೋಡಿದರು. ಆಮೇಲೆ ಕೋಲೂರಿಕೊಂಡು ಕಿಟಕಿಯವರೆಗೆ ನಡೆದು ಹೋಗಿ, ಆ ಖಾಲಿ ಬೀದಿಗೆ ಕೂಗಿದರು:

"ಕೇಳಿಸ್ಲಿಲ್ವೇನೋ? ಅವಳು ಹೇಳ್ತಿದ್ದಾಳಲ್ಲ, ತೆಗಿಯೋ!"