ಗಂಟಲು ಖಾಲಿ ಮಾಡಿ ಹೋದ ಕಫ ಮಹಾಶಯರಿಗೆ

ಮಾನ್ಯರೇ,

ನನ್ನ ಎದೆಗೂಡಿನ ಕೆಳಮನೆಯಲ್ಲೂ ಗಂಟಲಿನ ಮೇಲ್ಮಹಡಿಯಲ್ಲೂ ಇಪ್ಪತ್ತೆರಡು ವರ್ಷ ಯಾರ ಅಪ್ಪಣೆಯೂ ಇಲ್ಲದೆ ವಾಸವಾಗಿದ್ದು, ಕಳೆದ ವಾರ ಹೇಳದೆ ಕೇಳದೆ ಜಾಗ ಖಾಲಿ ಮಾಡಿದ ತಮಗೆ, ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಆಗಮನ ನಿರ್ಗಮನಗಳನ್ನು ಸಾರುವ ನಾನು ಅನಂತ ವಂದನೆಗಳನ್ನು ಸಲ್ಲಿಸುತ್ತೇನೆ. ತಮ್ಮ ಈಗಿನ ವಿಳಾಸ ತಿಳಿಯದ ಕಾರಣ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಗಿದೆ. ಯಾರ ಗಂಟಲಲ್ಲಿದ್ದರೂ ದಯವಿಟ್ಟು ಓದಿಕೊಳ್ಳಬೇಕು.

ತಮ್ಮ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ಚಳಿಗಾಲವಿಡೀ ತಾವು ಹೆರೆಗಟ್ಟಿದ ತುಪ್ಪದ ಹಾಗೆ ಒಂದು ಮೂಲೆ ಹಿಡಿದು ಮರ್ಯಾದೆಯಿಂದ ಕೂತಿರುತ್ತೀರಿ. ವಸಂತದ ಬಿಸಿಲು ಸೋಕಿದ್ದೇ ತಡ, ಕರಗಿ ಮೈಯೆಲ್ಲ ಪ್ರವಾಸ ಹೊರಟು, ಹೊಟ್ಟೆಯ ಬೆಂಕಿಯನ್ನು ನಂದಿಸಿ, ಊಟವಾದೊಡನೆ ಕಣ್ಣೆಳೆಸಿ, ಕೊನೆಗೆ ಗಂಟಲಿಗೆ ಬಂದು ಠಿಕಾಣಿ ಹೂಡುತ್ತೀರಿ. ಇದನ್ನೆಲ್ಲ ವೈದ್ಯರು ನನ್ನ ಅಕ್ಕನಿಗೆ ವಿವರಿಸಿದರಂತೆ. ಹೌದು, ಅಕ್ಕನಿಗೆ, ಕೆಮ್ಮು ನನ್ನದಾದರೂ ವೈದ್ಯರ ಬಳಿ ಹೋದವಳು ಅವಳು.

ಅವಳ ಅವಸರಕ್ಕೂ ಕಾರಣವಿತ್ತು. ಗುಂಡಿ ಒತ್ತಿದರೆ ತಾನೇ ಮಾತಾಡುವ ಯಂತ್ರವೊಂದು ನಿಲ್ದಾಣಕ್ಕೆ ಬಂದು, ಇನ್ನೂ ಡಬ್ಬಿ ಒಡೆಯದೆ, ನನ್ನ ಕುರ್ಚಿಯ ಪಕ್ಕದಲ್ಲೇ ಕೂತಿತ್ತು. ವಸಂತ ಮುಗಿಯುವುದರೊಳಗೆ ನನ್ನ ಗಂಟಲು ಸರಿಹೋಗದಿದ್ದರೆ ಮೈಕು ಅದಕ್ಕೆ, ನನಗೆ ಸಾಮಾನು ಕಾಯುವ ಕೋಣೆ ಎಂದು ಮೇಲಧಿಕಾರಿಗಳು ಬಹಳ ಸೌಜನ್ಯದಿಂದ ತಿಳಿಸಿದ್ದರು.

ಹೀಗಾಗಿ ಅಕ್ಕ ವೈದ್ಯರ ಹಾಳೆಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಸೂರ್ಯ ಏಳುವ ಮುಂಚೆ ನಾನು ಏಳತಕ್ಕದ್ದು. ಒಣ ಹಿಟ್ಟಿನಿಂದ ಮೈ ಉಜ್ಜಿಕೊಳ್ಳತಕ್ಕದ್ದು (ಆ ಅವತಾರದಲ್ಲಿ ಕನ್ನಡಿ ನೋಡಿಕೊಂಡರೆ ಕಾವಲಿಗೆ ಬೀಳಲು ತಯಾರಾದ ಮೀನಿನಂತೆ ಕಾಣುತ್ತಿದ್ದೆ). ಬೆವರು ಬರುವಂತೆ ನಡೆಯತಕ್ಕದ್ದು. ಶುಂಠಿ ಕುದಿಸಿದ ನೀರು, ಹಳೆಯ ಧಾನ್ಯ, ಬಾರ್ಲಿ, ಕಹಿ ಸೊಪ್ಪು, ಒಂದು ಚಮಚ ಜೇನು. ಮೊಸರು, ಸಿಹಿ, ಕರಿದದ್ದು, ತಣ್ಣಗಿನದ್ದು ಯಾವುದೂ ಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಹಗಲು ನಿದ್ದೆ ಕೂಡದು. ಬಸ್ಸುಗಳಿಲ್ಲದ ಒಂದರಿಂದ ಮೂರರವರೆಗೆ ನಾನು ಮೇಜಿನ ಮೇಲೆ ತಲೆಯಿಟ್ಟು ಗಳಿಸುತ್ತಿದ್ದ ಸ್ವರ್ಗಸುಖವನ್ನು ತಾವು ಬಲ್ಲಿರಿ, ಜೊತೆಗೇ ಇದ್ದವರು. ಅದನ್ನು ತಡೆಯಲು ಅಕ್ಕ ದಿನವೂ ಸರಿಯಾಗಿ ಎರಡು ಗಂಟೆಗೆ ಫೋನ್ ಮಾಡಿ, ನಾನು ಎಚ್ಚರವಾಗಿದ್ದೇನೆಂಬುದಕ್ಕೆ ಸಾಕ್ಷಿಯಾಗಿ ಹದಿನೇಳರ ಮಗ್ಗಿ ಹೇಳಿಸುತ್ತಿದ್ದಳು.

ಊಟಕ್ಕೆ ಮುಂಚೆ ಉಗುರುಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಬೇಕೆಂಬ ನಿಯಮವೂ ಇತ್ತು. ಮೂರನೆಯ ದಿನ ನಾನು ಮೈಕನ್ನು ಆರಿಸುವುದು ಮರೆತು, ತಲೆ ಹಿಂದಕ್ಕೆ ವಾಲಿಸಿ, ಮನಸಾರೆ ಗಳಗಳ ಮಾಡಿದೆ. ಇಡೀ ನಿಲ್ದಾಣಕ್ಕೆ ಅದು ಕೇಳಿಸಿತು. ಒಬ್ಬರಾದರೂ ಗಾಬರಿಯಾಗಬೇಕಲ್ಲ, ಇನ್ನೂರು ಜನ ಚೀಲ ಎತ್ತಿಕೊಂಡು ಸಾವಕಾಶವಾಗಿ ನಾಲ್ಕನೇ ಪ್ಲಾಟ್‌ಫಾರ್ಮಿಗೆ ಹೋಗಿ ಸಾಲಾಗಿ ನಿಂತರು, ಬಸ್ಸೂ ಅಲ್ಲಿಗೇ ಬಂತು. ನನ್ನ ಗಂಟಲಿನ ಭಾಷೆ ಊರಿಗೆ ಇಷ್ಟು ಕರಗತವಾಗಿದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ನಾಲ್ಕನೇ ವಾರದ ಒಂದು ಬೆಳಿಗ್ಗೆ ತಾವಿರಲಿಲ್ಲ. ಮೈಯೆಲ್ಲ ಹಗುರ, ಚೆನ್ನಾಗಿ ಹಸಿವು, ದನಿ ತೊಳೆದಿಟ್ಟ ಸ್ಟೀಲ್ ಲೋಟದ ಹಾಗೆ ಫಳಫಳ. ಒಂಬತ್ತು ಇಪ್ಪತ್ತರ ಬಸ್ಸನ್ನು ನಾನು ಅಷ್ಟು ಸ್ಪಷ್ಟವಾಗಿ ಜನ್ಮದಲ್ಲಿ ಕರೆದಿರಲಿಲ್ಲ. ಆದರೆ ಯಾರೂ ತಲೆ ಎತ್ತಲಿಲ್ಲ. ಇಷ್ಟು ವರ್ಷ ನಾನು ಮೈಕು ಒತ್ತಿದೊಡನೆ ಮೊದಲು ತಾವು ಎರಡು ಕೆಮ್ಮಿನ ರೂಪದಲ್ಲಿ ದಯಮಾಡಿಸುತ್ತಿದ್ದಿರಿ, ಅದನ್ನು ಕೇಳಿ ಜನ ಮಾತು ನಿಲ್ಲಿಸುತ್ತಿದ್ದರು, ಆಮೇಲೆ ನನ್ನ ಪ್ರಕಟಣೆ. ಕೆಮ್ಮಿಲ್ಲದ ನನ್ನ ಮಾತನ್ನು ಅವರು ಯಾವುದೋ ಸಾಬೂನಿನ ಜಾಹೀರಾತು ಎಂದುಕೊಂಡರು. ಹನ್ನೊಂದು ಮಂದಿಗೆ ಬಸ್ಸು ತಪ್ಪಿತು. ಅವರಲ್ಲಿ ಒಬ್ಬಾಕೆ ಹೆರಿಗೆಗೆ ಆಸ್ಪತ್ರೆ ಸೇರಿದ ಮಗಳನ್ನು ನೋಡಲು ಹೊರಟವರು.

ನಿಲ್ದಾಣದ ಹಿಂದಿನ ಬೀದಿಯಲ್ಲೇ ನಮ್ಮ ಮನೆ. ಅಡುಗೆಮನೆಯ ಕಿಟಕಿಗೆ ಧ್ವನಿವರ್ಧಕ ಸಲೀಸಾಗಿ ಕೇಳುತ್ತದೆ. ಅಂದು ಅಕ್ಕ ಒಲೆ ಆರಿಸಿ, ಚಪ್ಪಲಿ ಮರೆತು, ಓಡುತ್ತಾ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. "ಬೇರೆ ಯಾರೋ ಮಾತಾಡ್ತಿದ್ರು ಕಣೋ. ನಿನಗೇನೋ ಆಯ್ತು ಅಂದ್ಕೊಂಡೆ" ಎಂದಳು. ತಾನೇ ಗುಣಪಡಿಸಿದ ದನಿಯನ್ನು ತಾನೇ ಗುರುತಿಸಲಾಗದೆ ಅವಳು ಅತ್ತಿದ್ದನ್ನು ನೋಡಿ ನನಗೆ ನಗು ಬರಲಿಲ್ಲ ಮಹಾಶಯರೇ.

ಇನ್ನು ಮೇಲಧಿಕಾರಿಗಳು. ಅವರು ನನ್ನ ದನಿಯನ್ನು ಕಣ್ಣು ಮುಚ್ಚಿ ಆಲಿಸಿ, ತಲೆದೂಗಿ, "ಈಗ ಥೇಟ್ ಮೆಷಿನ್ ಥರಾನೇ ಇದೆ. ಹಾಗಿದ್ಮೇಲೆ ಮೆಷಿನ್ನೇ ಇರ್ಲಿ ಬಿಡಿ" ಎಂದರು. ನಾನು ಬೇಡಿಕೊಂಡ ಮೇಲೆ, ಬರುವ ಸೋಮವಾರ ಒಂದು ದಿನದ ಪರೀಕ್ಷೆಗೆ ಒಪ್ಪಿದ್ದಾರೆ: ಬೆಳಿಗ್ಗೆ ನಾನು, ಮಧ್ಯಾಹ್ನ ಯಂತ್ರ. ಯಾರು ಕರೆದಾಗ ಜನ ತಲೆ ಎತ್ತುತ್ತಾರೋ ಅವರಿಗೆ ಮೈಕು.

ಆದುದರಿಂದ ತಮ್ಮಲ್ಲಿ ನನ್ನ ಅಹವಾಲು ಇಷ್ಟೆ. ತಾವು ಹಿಂದಿನ ವೈಭವದಿಂದ ಸಕುಟುಂಬ ಬರಬೇಕಾಗಿಲ್ಲ; ದಿನಕ್ಕೆ ನಲವತ್ತು ಬಸ್ಸು, ಬಸ್ಸಿಗೆ ಎರಡು ಕೆಮ್ಮು, ಅಷ್ಟಕ್ಕೆ ಬೇಕಾದಷ್ಟೇ ಬಂದು, ಹೊಟ್ಟೆಯ ಬೆಂಕಿಯ ಗೋಜಿಗೆ ಹೋಗದೆ, ಸಂಜೆ ಆರಕ್ಕೆ ಕೆಲಸ ಮುಗಿಸಿ ಹೊರಡಬೇಕು. ವಾರದ ರಜೆಯೂ ಉಂಟು. ಇದು ತಮ್ಮ ಘನತೆಗೆ ಕಡಿಮೆ ಎನಿಸಿದರೆ, ಪಕ್ಕದ ಡಬ್ಬಿಯಲ್ಲಿರುವ ಯಂತ್ರದ ಗಂಟಲಿಗಾದರೂ ಸೋಮವಾರ ಮಧ್ಯಾಹ್ನ ಚಿತ್ತೈಸಿ, ಅದರ ದನಿಯೇ ಹೊರಡದಂತೆ ಕಟ್ಟಿಹಾಕಬೇಕು. ನಾನೇ ಕೆಮ್ಮನ್ನು ನಟಿಸಿ ನೋಡಿದೆ. ಚಾಲಕರೆಲ್ಲ ಬಿದ್ದು ಬಿದ್ದು ನಕ್ಕರು. ಆ ಕಲೆ ತಮಗೇ ಮೀಸಲು.

ತಮ್ಮ ದಾರಿ ಕಾಯುತ್ತಿರುವ, ಬಾರ್ಲಿಯಿಂದ ಬಡಕಲಾದರೂ
ತಮ್ಮ ವಿಶ್ವಾಸಿ,
ಮೈಕಿನವನು

ಮರೆತ ಮಾತು: ಪತ್ರ ಮುಗಿಸಿ ಬುತ್ತಿ ಬಿಚ್ಚಿದೆ. ಬಾರ್ಲಿ ಇಲ್ಲ. ಬಟ್ಟಲು ತುಂಬ ತಣ್ಣಗಿನ ಗಟ್ಟಿ ಮೊಸರು, ಮೇಲೊಂದು ಚಮಚ ಸಕ್ಕರೆ. ಬಟ್ಟಲಿನ ಕೆಳಗೆ, ಅಡುಗೆಮನೆಯ ಬಾಗಿಲಿನಿಂದ ಕಿತ್ತ ವೈದ್ಯರ ಹಾಳೆ ನಾಲ್ಕು ಮಡಿಕೆಯಾಗಿ ಇತ್ತು, ಅದರ ಬೆನ್ನಿಗೆ ಅಕ್ಕನ ಅಕ್ಷರ: "ಪೂರ್ತಿ ತಿನ್ನು. ತಿಂದ ಮೇಲೆ ಮಲ್ಕೋ. ಎರಡು ಗಂಟೆಗೆ ನಾನು ಫೋನ್ ಮಾಡಲ್ಲ."