ತಿಂದು ತಿಂದೇ ಇಳಿಸಿದ ತೂಕ

ಬಾಯಿ ಸುಮ್ಮನಿದ್ದರ ಸುದ್ದಿ ಹುಟ್ಟಂಗಿಲ್ಲ. ನನ್ನ ಬಾಯಿ ಎಂದೂ ಸುಮ್ಮನಿದ್ದಿಲ್ಲ, ಹಿಂಗಾಗಿ ದಿನಾ ಒಂದು ಸುದ್ದಿ. ಹರೇದಾಗ ತೆಕ್ಕಲಕೋಟ್ಯಾಗ ಮುಂಜಾನಿ ರೊಟ್ಟಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಅರವತ್ತು ಮಿರ್ಚಿ ಭಜಿ ತಿಂದೆ. ಸಂಜೀಗೆ ನೋಡಿದರ ಉಡದಾರ ಸಡಲಾಗಿತ್ತು! ಕಣ್ಣಾರೆ ಕಂಡವರು ಇಬ್ಬರು. ಒಬ್ಬ ತೀರಿಕೊಂಡ, ಇನ್ನೊಬ್ಬನಿಗೆ ಈಗ ತನ್ನ ಹೆಸರೇ ನೆನಪಿಲ್ಲ. ಮಿರ್ಚಿ ಕರಿದಾಕಿನೂ ಹೋದಳು. ಹಂಗಾಗಿ ನಾ ಹೇಳಿದ್ದೇ ಖರೆ.

೧. ಡಾಕ್ಟರಮ್ಮನ ಅಪ್ಪಣೆ

ಈಗ ಬಳ್ಳಾರಿ ಪಾರ್ವತಿನಗರದಾಗ ಮಗನ ಮನ್ಯಾಗ ಅದೀನಿ. ಮೊಣಕಾಲು ನೋವು ಅಂದದ್ದಕ್ಕ ಸೊಸಿ ದವಾಖಾನಿಗೆ ಕರಕೊಂಡು ಹೋದಳು. ಡಾಕ್ಟರಮ್ಮ ಕಾಟಾದ ಮ್ಯಾಲೆ ನಿಲ್ಲಿಸಿದಳು. ಎಂಬತ್ನಾಲ್ಕು ಕಿಲೊ.

"ಅಜ್ಜಾರ, ಒಂದು ತಿಂಗಳದಾಗ ಎರಡು ಕಿಲೊ ಇಳೀಬೇಕು. ಊಟ ಊಟದ ನಡುವೆ ತಿನ್ನೋದು ಬಿಡ್ರಿ."

"ನಾ ಊಟದ ನಡುವೆ ತಿನ್ನಂಗಿಲ್ರಿ ಯವ್ವಾ. ತಿನ್ನೋದರ ನಡುವೆ ಊಟ ಮಾಡ್ತೀನಿ."

ಡಾಕ್ಟರಮ್ಮ ನಕ್ಕಳು, ಸೊಸಿ ನಗಲಿಲ್ಲ. "ಎರಡು ಕಿಲೊ ಇಳೀಲಿಲ್ಲಂದ್ರ ನಾಲ್ಕು ಗಂಟಿ ಮಿರ್ಚಿ ಬಂದ್, ಮಾವಾರ" ಅಂದಳು. ಆ ಮಿರ್ಚಿ ಇಲ್ಲಂದ್ರ ಮಧ್ಯಾಹ್ನ ಮಲಗಿದವ ಏಳೋದಾದರೂ ಯಾಕ?

೨. ನಡಿಗೆ

ಕುಂತು ತಿಂದರ ಏರತೈತಿ, ನಡದು ತಿಂದರ ಇಳೀತೈತಿ. ಇದು ನಾ ಕಂಡುಹಿಡಿದದ್ದು. ಮರುದಿನದಿಂದ ಬ್ರೂಸ್‌ಪೇಟೆ ತನಕ ನಡಕೊಂಡೇ ಹೋಗಿ ಮಿರ್ಚಿ ತಿಂದೆ. ಮಿರ್ಚಿ ಬಂಡಿಯಾಕಿ ನಾಲ್ಕು ದಿನ ನೋಡಿ ಕೇಳಿದಳು:

"ಬರೋವಾಗ ನಡಕೊಂಡು ಬರ್ತಿ, ಹೋಗೋವಾಗ ಆಟೋ ಯಾಕ ಅಜ್ಜಾ?"

"ಭಾರ ಹೊತ್ತು ನಡೀಬ್ಯಾಡ ಅಂದಾಳವ್ವ ಡಾಕ್ಟರಮ್ಮ."

೩. ಒಂದು ಹಿಡಿ

ಕುರುಗೋಡಿನ್ಯಾಗ ಮಗಳ ಮನಿಗೆ ಹೋದೆ. "ತೀರಾ ಹಸಿವಾದರ ಒಂದೇ ಒಂದು ಹಿಡಿ ಪುಟಾಣಿ ಕಡ್ಲಿ ತಿನ್ನಬೇಕಂತ ಡಾಕ್ಟರಮ್ಮ ಹೇಳ್ಯಾಳ" ಅಂತ ಸೊಸಿ ಮೊದಲೇ ಫೋನ್ ಮಾಡಿದ್ದಳು. ಬೀಗತಿ ಪುಟಾಣಿ ಡಬ್ಬಿ ತಂದು ಮುಂದಿಟ್ಟಳು. ಮೂವತ್ತು ವರ್ಷ ಭತ್ತದ ಚೀಲ ಎತ್ತಿದ ಕೈ ಇದು. ಒಂದೇ ಹಿಡಿ ತಗೊಂಡೆ. ಡಬ್ಬಿ ತಳ ಕಾಣ್ತು.

ಬೀಗತಿ ಅಂದಳು: "ಡಾಕ್ಟರಮ್ಮ ತನ್ನ ಕೈ ನೋಡಿಕೊಂಡು ಹೇಳ್ಯಾಳ್ರಿ ಬೀಗರ. ನಿಮ್ಮ ಕೈ ನೋಡಿಲ್ಲ."

೪. ಮಿಲ್ಲಿನ ಕಾಟಾ

ತಿಂಗಳು ತುಂಬಿತು. ಸೊಸಿ ಅಕ್ಕಿ ತರಾಕ ಸಿರುಗುಪ್ಪಕ್ಕ ಹೊಂಟಿದ್ದಳು. "ದವಾಖಾನಿ ಕಾಟಾ ನಾ ನಂಬಂಗಿಲ್ಲ. ನಾ ಹಮಾಲಿ ಮಾಡಿದ ಮಿಲ್ಲಿನ್ಯಾಗೇ ತೂಗಿಸು" ಅಂತ ನಾನೂ ಬೆನ್ನು ಹತ್ತಿದೆ.

ಚೀಲ ತೂಗೋ ಕಾಟಾದ ಮ್ಯಾಲೆ ನಿಂತೆ. ಎಂಬತ್ತಾರು! ಸೊಸಿ ಹುಬ್ಬು ಏರಿದವು. ನಾ ಹೆದರಲಿಲ್ಲ. ತೂಕ ಬರಿಯೋ ಗುಮಾಸ್ತ ನನ್ನ ಹಳೇ ದೋಸ್ತ.

"ಲೇ, ಭತ್ತದ ತೂಕದಾಗ ಹೆಂಗ ಕಳೀತಿ ಹಂಗ ಕಳಿ. ಮೊದಲು ಗೋಣಿ."

"ಧೋತರ, ರುಮಾಲು, ಚಪ್ಪಲಿ. ಎರಡು ಕಿಲೊ" ಅಂದ ದೋಸ್ತ.

"ತೇವ?"

"ಮಜ್ಜಿಗಿ ಕುಡಿದು ಬಂದೀಯಲ್ಲ, ಅದಕ್ಕೆರಡು."

"ಹೊಟ್ಟು?"

ಅವ ನನ್ನ ಮೀಸಿ ನೋಡಿದ. "ಒಂದು."

ಉಳಿದದ್ದು ಎಂಬತ್ತೊಂದು! ಎರಡು ಇಳಿಸು ಅಂದರ ಮೂರು ಇಳಿಸೀನಿ, ಅದೂ ತಿಂದು ತಿಂದೇ. ಹಮಾಲರು ಸಿಳ್ಳಿ ಹೊಡದರು. ನಾ ಕಾಟಾದ ಮ್ಯಾಲೇ ನಿಂತು ಮೀಸಿ ತಿರುವಿದೆ.

ಸೊಸಿ ಮೆತ್ತಗ ಅಂದಳು: "ಮಾವಾರ, ಡಾಕ್ಟರಮ್ಮ ತೂಗಿದಾಗೂ ಇದೇ ಧೋತರ, ಇದೇ ರುಮಾಲು, ಇದೇ ಮೀಸಿ ಇದ್ದವು. ಅವತ್ತೂ ಮಜ್ಜಿಗಿ ಕುಡಿದೇ ಬಂದಿದ್ರಿ. ಆ ಎಂಬತ್ನಾಲ್ಕರಾಗೂ ಐದು ಕಳೀರಿ ಮತ್ತ."

ದೋಸ್ತ ಬೆರಳು ಎಣಿಸಿದ. "ಎಪ್ಪತ್ತೊಂಬತ್ತು" ಅಂದು ನೆಲ ನೋಡಿದ. ಎಪ್ಪತ್ತೊಂಬತ್ತು ಇದ್ದವ ಎಂಬತ್ತೊಂದು ಆಗೀನಿ. ಸಿಳ್ಳಿ ನಿಂತವು.

"ನಾಲ್ಕು ಗಂಟಿ ಮಿರ್ಚಿ ಬಂದ್" ಅಂದಳು ಸೊಸಿ.

ನಾ ಕಾಟಾದಿಂದ ಇಳಿದು, ಟವೆಲ್ ಜಾಡಿಸಿ ಹೆಗಲಿಗೆ ಹಾಕ್ಕೊಂಡೆ.

"ಆತು ಬಿಡವ್ವಾ, ನಾಲ್ಕು ಗಂಟೀದು ಬಂದ್. ಈಗಿನ್ನೂ ಹನ್ನೊಂದು. ನಡಿ, ಮಿಲ್ಲಿನ ಮುಂದೇ ಬಿಸಿ ಬಿಸಿ ಕರಿಯಾಕತ್ಯಾರ."